ಅಂತರಿಕ್ಷದಲ್ಲಿ ನೆಯ್ದ ಮನೆ

ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರುಗಳ ಆಳಕ್ಕೆ ಧುಮುಕುವ ಸ್ಥಳದಲ್ಲಿ, ಆ ನೀರಿನ ಬಲದಿಂದಲೇ ನೂಲಿನ ಗಿರಣಿಯೊಂದನ್ನು ನಡೆಯಿಸಬೇಕೆಂಬ ಸಂಕಲ್ಪದಿಂದ 1885ರಲ್ಲಿ ಒಂದು ಖಾಸಗಿ ಕಂಪನಿಯು ಸ್ಥಾಪಿತವಾಗಿ, 1887ರಲ್ಲಿ ಗಿರಣಿಯು ಕೆಲಸಕ್ಕೆ ತೊಡಗಿದುದು ನಮ್ಮ ಸೀಮೆಯ ಕೈಗಾರಿಕೆಯ ಇತಿಹಾಸದಲ್ಲಿ ಮರೆಯಲಾಗದ ಸಂಗತಿ. ಏಷ್ಯಾಖಂಡದಲ್ಲಿಯೇ ಮೊತ್ತಮೊದಲು ಜಲವಿದ್ಯುತ್ತು ಹುಟ್ಟಿದುದು ಇಲ್ಲಿ ಎಂಬ ಅಭಿಮಾನದ ಮಾತು ಗೋಕಾಕದವರ ಬಾಯಲ್ಲಿ ಈಗಲೂ ಕೇಳಿಬರುವುದುಂಟು. ಆ ಪ್ರಥಮತ್ವದ ವಾದವನ್ನು ಇತಿಹಾಸಜ್ಞರಿಗೆ ಬಿಟ್ಟು ನಾನು ಗಮನಿಸಬಯಸುವ ವಿಷಯ ಬೇರೆ. ಶಕ್ತಿಯನ್ನು ಉತ್ಪಾದಿಸುವವನೂ ಅದನ್ನು ಉಪಯೋಗಿಸುವವನೂ ಅಲ್ಲಿ ಒಬ್ಬನೇ ಆಗಿದ್ದನು. ನೀರಿನ ಚಕ್ರ ತಿರುಗಿದ ದಿನವೇ ಅದರ ಬಲವನ್ನು ಕೊಳ್ಳತಕ್ಕ ಗಿರಾಕಿ ದಡದ ಮೇಲೆ ಸಿದ್ಧನಾಗಿದ್ದನು. ಇದಾದ ಎಂಟು ದಶಕಗಳ ತರುವಾಯ, 1969ರಲ್ಲಿ, ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳನ್ನು ಪ್ರಯೋಗಾರ್ಥವಾಗಿ ದೇಶದ ಐದು ಕಡೆಗಳಲ್ಲಿ ಸ್ಥಾಪಿಸಿದಾಗ ಅವುಗಳಲ್ಲಿ ಒಂದು ನಮ್ಮ ಹುಕ್ಕೇರಿಗೆ ಬಂದಿತು. ಅಲ್ಲಿಯೂ ಪಂಪುಸೆಟ್ಟನ್ನು ನಡೆಯಿಸುವ ರೈತನೇ ಸಂಘದ ಸದಸ್ಯನಾದನು. ಬಂಡವಾಳ ಬಹಳ ಬೇಡುವ, ಫಲ ತಡವಾಗಿ ಬರುವ ಸಾಹಸವನ್ನು ಸರಕಾರದ ಹೊರಗಿನವರು ಕೈಗೊಂಡಾಗ ಅದು ನಿಲ್ಲುವುದೋ ಬೀಳುವುದೋ ಎಂಬುದನ್ನು ನಿರ್ಣಯಿಸಲು ಈ ಎರಡು ನಿದರ್ಶನಗಳಿಂದ ಒಂದು ಒರೆಗಲ್ಲು ದೊರೆಯುತ್ತದೆ. ಖಾಸಗಿಯವರು ನಿರ್ಮಿಸಹೊರಟಿರುವ, ಹಿಗ್ಗಬಲ್ಲ ಅಂತರಿಕ್ಷ ನಿಲ್ದಾಣದ ಘಟಕಗಳನ್ನು ಅದೇ ಒರೆಗಲ್ಲಿಗೆ ತಿಕ್ಕಿ ನೋಡುವುದು ಈ ಬರಹದ ಉದ್ದೇಶ.

ಹಿಗ್ಗಬಲ್ಲ ಘಟಕವೆಂದರೆ, ನೆಲದ ಮೇಲೆ ಮಡಿಚಿ ರಾಕೆಟ್ಟಿನ ಮೂತಿಯಲ್ಲಿ ಅಡಕವಾಗಿಟ್ಟು, ಕಕ್ಷೆಯನ್ನು ಸೇರಿದ ಮೇಲೆ ಒಳಗೆ ಗಾಳಿ ತುಂಬಿ ಪೂರ್ಣಾಕಾರಕ್ಕೆ ತರತಕ್ಕ, ಬಟ್ಟೆಯ ಗೋಡೆಯುಳ್ಳ ಕೊಠಡಿ. ರಾಕೆಟ್ಟು ಎಷ್ಟು ಬಲಶಾಲಿಯಾಗಿದ್ದರೂ ಅದರ ಮೂತಿಯ ಕವಚದ ಅಗಲವನ್ನು ಮೀರಿದ ವಸ್ತು ಅದರಲ್ಲಿ ಹಿಡಿಯದು. ಲೋಹದ ಕೊಠಡಿಯೋ ಕಾರ್ಖಾನೆಯಿಂದ ಹೊರಟ ಅಗಲದಲ್ಲಿಯೇ ಕೊನೆಯವರೆಗೂ ಇರಬೇಕಾದುದು. ಈ ಕಟ್ಟನ್ನು ಬಿಚ್ಚುವುದಕ್ಕಾಗಿ ಹುಟ್ಟಿದುದೇ ಬಟ್ಟೆಯ ಗೋಡೆಯ ಕಲ್ಪನೆ, ಮತ್ತು ಅದು ನಿನ್ನೆ ಮೊನ್ನೆಯದಲ್ಲ. 1965ರ ಮಾರ್ಚ್ 18ರಂದು ಅಲೆಕ್ಸೇಯ್ ಲಿಯೊನೊವ್ ಮಾನವನ ಮೊದಲ ಅಂತರಿಕ್ಷ ನಡಿಗೆಗೆ ಹೊರಟದ್ದು, ನೌಕೆಯ ಮಗ್ಗುಲಿಗೆ ಹೊಂದಿಸಿ ಗಾಳಿಯಿಂದ ಉಬ್ಬಿಸಿದ ಒಂದು ದ್ವಾರಕೋಷ್ಠದ ಮೂಲಕ. 1990ರ ದಶಕದಲ್ಲಿ ನಾಸಾದ ಎಂಜಿನಿಯರರು ಟ್ರಾನ್ಸ್‌ಹ್ಯಾಬ್ ಎಂಬ ಹೆಸರಿನಲ್ಲಿ ಎಂಟು ಮೀಟರಿಗೂ ಮಿಕ್ಕ ವ್ಯಾಸದ, ಹಲವು ಅಂತಸ್ತುಗಳ ಬಟ್ಟೆಯ ಮನೆಯನ್ನು ವಿನ್ಯಾಸಗೊಳಿಸಿ, ಪರೀಕ್ಷೆಗಳಲ್ಲಿ ಅದರ ಬಲವನ್ನು ರುಜುಪಡಿಸಿ ತೋರಿಸಿದರು; ಆದರೆ 2000ದಲ್ಲಿ ಅಮೆರಿಕದ ಕಾಂಗ್ರೆಸ್ಸು ಆ ಕೆಲಸಕ್ಕೆ ತಡೆಯೊಡ್ಡಿತು. ಸರಕಾರವು ಕೈಬಿಟ್ಟ ಆ ವಿದ್ಯೆಯನ್ನು ಎತ್ತಿಕೊಂಡವನು ಲಾಸ್ ವೇಗಾಸಿನ ಹೋಟೆಲುಗಳ ಒಡೆಯ ರಾಬರ್ಟ್ ಬಿಗೆಲೋ. ಅವನ ಕಂಪನಿಯು 2006ರಲ್ಲಿ ಜೆನೆಸಿಸ್-1, 2007ರಲ್ಲಿ ಜೆನೆಸಿಸ್-2 ಎಂಬ ಎರಡು ಸಣ್ಣ ಘಟಕಗಳನ್ನು, ಯುದ್ಧದ ಕ್ಷಿಪಣಿಯಿಂದ ಮಾರ್ಪಡಿಸಿದ ರಷ್ಯಾದ ರಾಕೆಟ್ಟುಗಳ ಮೇಲಿಟ್ಟು ಕಕ್ಷೆಗೆ ಕಳುಹಿಸಿತು; ಎರಡೂ ಆಕಾಶದಲ್ಲಿ ಹಿಗ್ಗಿದುವು.

ಆದರೆ ಮನುಷ್ಯನು ಒಳಹೊಕ್ಕು ನೋಡಿದ ಘಟಕವು ಇದುವರೆಗೆ ಒಂದೇ. ನಾಸಾ 2013ರಲ್ಲಿ 178 ಲಕ್ಷ ಡಾಲರುಗಳಿಗೆ ಬಿಗೆಲೋ ಕಂಪನಿಯಿಂದ ಮಾಡಿಸಿದ ಬೀಮ್ ಎಂಬ ಆ ಕೊಠಡಿಯು 2016ರ ಏಪ್ರಿಲಿನಲ್ಲಿ ಅಂತರರಾಷ್ಟ್ರೀಯ ನಿಲ್ದಾಣವನ್ನು ಸೇರಿತು. ಮೇ 26ರಂದು ಗಾಳಿಯನ್ನು ಬಿಡತೊಡಗಿದಾಗ ಒಳಗಿನ ಒತ್ತಡ ಏರಿತೇ ಹೊರತು ಕೊಠಡಿ ಹಿಗ್ಗಲಿಲ್ಲ; ತಿಂಗಳುಗಟ್ಟಲೆ ಒತ್ತಿ ಮಡಿಸಿಟ್ಟಿದ್ದ ಬಟ್ಟೆಯ ಪದರಗಳು ಒಂದಕ್ಕೊಂದು ಹಿಡಿದುಕೊಂಡು ಬಿಡಲೊಲ್ಲದಾಗಿದ್ದವು. ಒಂದು ದಿನ ತಡೆದು, ಮೇ 28ರಂದು, ಜೆಫ್ ವಿಲಿಯಮ್ಸ್ ಎಂಬ ಗಗನಯಾತ್ರಿಯು ಕವಾಟದ ಬಳಿ ಕುಳಿತು, ಕೆಲವೇ ಸೆಕೆಂಡುಗಳ ಕಾಲ ಗಾಳಿಯನ್ನು ಬಿಡುವುದು, ನಿಲ್ಲಿಸುವುದು, ನೆಲದವರ ಲೆಕ್ಕಕ್ಕೆ ಕಾಯುವುದು, ಮತ್ತೆ ಬಿಡುವುದು, ಹೀಗೆ ಏಳು ಗಂಟೆಗಳಿಗೂ ಹೆಚ್ಚು ಹೊತ್ತು ಶ್ರಮಿಸಿದನು. ಮಡಿಕೆಯನ್ನು ಹಿಡಿದಿಟ್ಟಿದ್ದ ಪಟ್ಟಿಗಳ ಹೊಲಿಗೆಯು, ಹಾಗೆ ಕಿತ್ತುಬರುವಂತೆಯೇ ಹಾಕಿದ್ದ ಹೊಲಿಗೆಯು, ಒಂದೊಂದಾಗಿ ಬಿಚ್ಚುವಾಗ ಅರಳು ಹುರಿದಂತೆ ಚಟಪಟ ಸದ್ದು ಒಳಗಿದ್ದವರಿಗೆ ಕೇಳಿಬಂತು. ಸಂಜೆಯ ಹೊತ್ತಿಗೆ 16 ಘನ ಮೀಟರುಗಳ ಒಂದು ಕೊಠಡಿ ನಿಲ್ದಾಣಕ್ಕೆ ಸೇರಿದಂತಾಯಿತು. ಎರಡು ವರ್ಷಗಳ ಪರೀಕ್ಷೆಗೆಂದು ಕಳುಹಿಸಿದ್ದ ಅದು ಆ ಅವಧಿ ಮುಗಿದ ಎಷ್ಟೋ ವರ್ಷಗಳ ಮೇಲೂ ಉಗ್ರಾಣವಾಗಿ ಸೇವೆ ಸಲ್ಲಿಸುತ್ತ ಬಂದಿದೆ. ಬಟ್ಟೆಯ ಮನೆ ಆಕಾಶದಲ್ಲಿ ನಿಂತೀತೆ ಎಂಬ ಮೂಲ ಸಂದೇಹಕ್ಕೆ ಇದಕ್ಕಿಂತ ಪ್ರಬಲವಾದ ಸಮಾಧಾನ ಬೇಕಾಗಿಲ್ಲ.

ಬಟ್ಟೆ ಎಂದೊಡನೆ ಧೋತರವನ್ನೂ ಗುಡಾರವನ್ನೂ ನೆನೆಯುವುದು ಸಹಜವಾದರೂ ಈ ಗೋಡೆಯ ರಚನೆ ಬೇರೆಯೇ ಜಾತಿಯದು. ಒಳಗಡೆ ಗಾಳಿ ಸೋರದಂತೆ ಒಂದು ಚೀಲ. ಅದರ ಮೇಲೆ ಭಾರವನ್ನೆಲ್ಲ ಹೊರತಕ್ಕ, ವೆಕ್ಟ್ರಾನ್ ಮೊದಲಾದ ಕೃತಕ ತಂತುಗಳಿಂದ ನೆಯ್ದ ಪಟ್ಟಿಗಳ ಹೆಣಿಗೆ. ಅದರಾಚೆ ಸೂಕ್ಷ್ಮ ಉಲ್ಕೆಗಳ ಹಾಗೂ ಹಳೆಯ ಉಪಗ್ರಹಗಳ ಚೂರುಗಳ ಹೊಡೆತವನ್ನು ಚದರಿಸುವ, ಒಂದರಿಂದೊಂದು ದೂರವಿರುವ ರಕ್ಷಣಾ ಪದರಗಳು. ಎಲ್ಲಕ್ಕೂ ಹೊರಗೆ ಬಿಸಿಲು-ಚಳಿಗಳ ತಡೆ. ಇದರಲ್ಲಿ ವಿಮರ್ಶಕನ ಕಣ್ಣು ನಿಲ್ಲಬೇಕಾದುದು ಆ ಪಟ್ಟಿಗಳ ಮೇಲೆ. ಎಂಟು ಮೀಟರು ವ್ಯಾಸದ ಕೊಠಡಿಯೊಳಗೆ ನಾವು ನೆಲದ ಮೇಲೆ ಉಸಿರಾಡುವಷ್ಟೇ ಒತ್ತಡದ ಗಾಳಿಯನ್ನು ತುಂಬಿದರೆ, ಸುತ್ತಲೂ ಬಿಗಿದ ಬಟ್ಟೆಯ ಒಂದು ಮೀಟರು ಅಗಲದ ಮೇಲೆ ಬೀಳುವ ಎಳೆತ ಸುಮಾರು 40 ಟನ್ನು. ಎಂದರೆ ಒಂದು ಅಂಗುಲ ಅಗಲದ ಪಟ್ಟಿಯು ಹಗಲಿರುಳು ಒಂದು ಟನ್ನಿನಷ್ಟು ಭಾರವನ್ನು ಎಳೆದುಕೊಂಡು ಇರಬೇಕು, ಸುರಕ್ಷತೆಯ ನಿಯಮದಂತೆ ನಾಲ್ಕು ಟನ್ನಿಗೂ ಹರಿಯದಂತಿರಬೇಕು. ಸಿಯೆರಾ ಸ್ಪೇಸ್ ಎಂಬ ಅಮೆರಿಕದ ಕಂಪನಿಯು 2023ರ ಡಿಸೆಂಬರಿನಲ್ಲಿ ತನ್ನ ಲೈಫ್ ಎಂಬ ಘಟಕದ ಪೂರ್ಣಪ್ರಮಾಣದ ಮಾದರಿಯನ್ನು ಬೇಕೆಂದೇ ಒಡೆಯುವವರೆಗೆ ಉಬ್ಬಿಸಿ ನೋಡಿದಾಗ, ಚದರಂಗುಲಕ್ಕೆ 60.8 ಪೌಂಡು ತಾಳಬೇಕಾಗಿದ್ದ ಅದು 77 ಪೌಂಡಿನವರೆಗೆ ತಾಳಿತು. ಇದು ಪ್ರಶಂಸಾರ್ಹವೇ ಸರಿ.

ಆದರೂ ನನ್ನ ಪ್ರಶಂಸೆಗೆ ಇಲ್ಲಿ ಒಂದು ಮಿತಿಯುಂಟು. ಒಡೆಯುವ ಪರೀಕ್ಷೆ ಸ್ವಲ್ಪ ಹೊತ್ತಿನಲ್ಲಿ ಮುಗಿಯುವಂಥದು. ಅದು ಬಟ್ಟೆಯ ಬಲವನ್ನು ಹೇಳುತ್ತದೆ, ಆಯುಸ್ಸನ್ನು ಹೇಳುವುದಿಲ್ಲ. ಪಾಲಿಮರ್ ತಂತುಗಳಿಗೆ ಒಂದು ಸ್ವಭಾವದೋಷವಿದೆ: ಹರಿಯುವ ಮಟ್ಟಕ್ಕಿಂತ ಬಹಳ ಕಡಿಮೆಯಾದ ಭಾರವನ್ನು ಹೇರಿ ಇಟ್ಟರೂ ಅವು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಗ್ಗುತ್ತ ಹೋಗಿ, ಎಂದೋ ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಹರಿದುಬಿಡಬಹುದು. ನೂಲಿನ ಗಿರಣಿಯಲ್ಲಿ ಎಳೆಯ ನಂಬರನ್ನೂ ಜಗ್ಗುವಿಕೆಯನ್ನೂ ದಿನವೂ ಅಳೆಯುವವರಿಗೆ ಎಳೆಯ ಈ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನೈದು ವರ್ಷ ಬಾಳಬೇಕಾದ ಗೋಡೆಗೆ ಹದಿನೈದು ವರ್ಷ ಭಾರ ಹೊತ್ತ ಪಟ್ಟಿಯ ಸಾಕ್ಷ್ಯಕ್ಕೆ ಸಮಾನವಾದ ಸಾಕ್ಷ್ಯ ಇನ್ನೊಂದಿಲ್ಲ, ಮಿಕ್ಕುದೆಲ್ಲ ಅನುಮಾನಪ್ರಮಾಣ. ಜತೆಗೆ, ಕಿಟಕಿಗೂ ಬಾಗಿಲಿಗೂ ಲೋಹದ ಚೌಕಟ್ಟು ಬೇಕೇ ಬೇಕು. ಮೆತ್ತನೆಯ ನೆಯ್ಗೆಯು ಗಡುಸಾದ ಲೋಹವನ್ನು ಕೂಡುವ ಆ ಅಂಚಿನಲ್ಲಿಯೇ ಭಾರವೆಲ್ಲ ಕೇಂದ್ರೀಕರಿಸುವುದರಿಂದ ಈ ವಿದ್ಯೆಯ ಕಷ್ಟವೂ ಅಲ್ಲಿಯೇ ಅಡಗಿದೆ.

ಇಷ್ಟಾಗಿಯೂ ಬಿಗೆಲೋ ಸೋತದ್ದು ಬಟ್ಟೆಯಿಂದಲ್ಲ. 330 ಘನ ಮೀಟರುಗಳ ಬಿ-330 ಎಂಬ ದೊಡ್ಡ ಘಟಕವನ್ನು ಕಟ್ಟುವ ಅವನ ಆಸೆ ಕಾಗದದಿಂದಲೂ ಮಾದರಿಯಿಂದಲೂ ಮುಂದಕ್ಕೆ ಹೋಗದೆ, 2020ರ ಮಾರ್ಚಿನಲ್ಲಿ, ಸಾಂಕ್ರಾಮಿಕದ ಆರಂಭದಲ್ಲಿ, ಕಂಪನಿಯು ತನ್ನ ಎಲ್ಲ ನೌಕರರನ್ನೂ ಕೆಲಸದಿಂದ ಬಿಟ್ಟಿತು. ಬೀಮ್ ಕೊಠಡಿಯ ಒಡೆತನವೂ ಮುಂದೆ ನಾಸಾಗೆ ಹೋಯಿತು. ಸಾಂಕ್ರಾಮಿಕವು ಕೊನೆಯ ಪೆಟ್ಟು ಮಾತ್ರವೆಂದು ನನ್ನ ಅಭಿಪ್ರಾಯ. ಅವನ ಮನೆಗೆ ಹೋಗತಕ್ಕ ಯಾತ್ರಿಕರನ್ನು ಒಯ್ಯುವ ಖಾಸಗಿ ವಾಹನವೇ ಅಲ್ಲಿಯವರೆಗೆ ಇರಲಿಲ್ಲ. ಸ್ಪೇಸ್‌ಎಕ್ಸ್ ಕಂಪನಿಯ ನೌಕೆಯು ಮೊದಲ ಬಾರಿಗೆ ಮನುಷ್ಯರನ್ನು ಹೊತ್ತು ಏರಿದ್ದು ಅದೇ ವರ್ಷದ ಮೇ 30ರಂದು. ಇಪ್ಪತ್ತು ವರ್ಷ ದಾರಿ ಕಾದವನು, ದಾರಿ ತೆರೆಯುವುದಕ್ಕೆ ಎರಡು ತಿಂಗಳ ಮೊದಲು ಬಾಗಿಲು ಮುಚ್ಚಿದನು. ಅವನ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಗೋಕಾಕದ ಗಿರಣಿಗಿದ್ದಂತೆ ಪಕ್ಕದಲ್ಲಿ ನಿಂತ ಗಿರಾಕಿ ಅವನಿಗಿರಲಿಲ್ಲವೆಂಬುದನ್ನು ಹೇಳದೆ ಗತ್ಯಂತರವಿಲ್ಲ.

ಅವನ ತರುವಾಯ ಬಂದವರ ಸ್ಥಿತಿ ಇದಕ್ಕಿಂತ ಉತ್ತಮವಾಗಿರುವುದಾದರೂ ನಿಶ್ಚಿಂತವಾದುದಲ್ಲ. ಸಿಯೆರಾ ಸ್ಪೇಸ್ ಪರೀಕ್ಷೆಗಳನ್ನು ಮಾಡುತ್ತಿದೆ. ಜೆನೆಸಿಸ್ ಘಟಕಗಳ ನೆಯ್ಗೆಯಲ್ಲಿ ಕೈಯಾಡಿಸಿದ್ದ ಕೆನಡಾದ ಮ್ಯಾಕ್ಸಿಮ್ ಡಿ ಯೋಂಗ್ ಮ್ಯಾಕ್ಸ್ ಸ್ಪೇಸ್ ಎಂಬ ಹೊಸ ಕಂಪನಿಯ ಸ್ಥಾಪಕರಲ್ಲೊಬ್ಬನಾಗಿದ್ದಾನೆ. ಆದರೆ 2021ರಲ್ಲಿ ಹಿಗ್ಗಬಲ್ಲ ಮನೆಯನ್ನೇ ಮುಖ್ಯಾಂಗವಾಗಿ ತೋರಿಸಿದ್ದ ಸ್ಟಾರ್‌ಲ್ಯಾಬ್ ಎಂಬ ನಿಲ್ದಾಣದವರು ಮುಂದೆ ಮನಸ್ಸು ಬದಲಿಸಿ, ಲೋಹದ ದೊಡ್ಡ ಘಟಕವೊಂದನ್ನು ಸ್ಟಾರ್‌ಶಿಪ್ ರಾಕೆಟ್ಟಿನಲ್ಲಿ ಒಂದೇ ಸಲಕ್ಕೆ ಏರಿಸುವ ಯೋಜನೆಗೆ ತಿರುಗಿದರು. ಇದರಲ್ಲಿ ಆಳವಾದ ಪಾಠವಿದೆ. ರಾಕೆಟ್ಟಿನ ಕವಚ ಕಿರಿದು ಎಂಬ ಕೊರತೆಯಿಂದ ಹುಟ್ಟಿದ ವಿದ್ಯೆಗೆ, ಕವಚವೇ ಅಗಲವಾದರೆ ಅರ್ಧ ಪ್ರಯೋಜನ ಕಳೆಯುತ್ತದೆ. ಆದುದರಿಂದ ಅಮೆರಿಕದಲ್ಲಿ ಈ ಘಟಕಗಳ ಭವಿಷ್ಯವು ಅವುಗಳ ಪ್ರವರ್ತಕರು ಹೇಳುವಷ್ಟು ಉಜ್ವಲವೆಂದು ನನಗೆ ತೋರುವುದಿಲ್ಲ.

ನಮ್ಮ ದೇಶದ ಸ್ಥಿತಿ ಹಾಗಲ್ಲ. ಇಸ್ರೋದ ಎಲ್‌ವಿಎಂ-3 ರಾಕೆಟ್ಟಿನ ಕವಚ 5 ಮೀಟರು ಅಗಲ. 2028ಕ್ಕೆ ಏರಬೇಕೆಂದು ಗೊತ್ತುಮಾಡಿರುವ ಭಾರತೀಯ ಅಂತರಿಕ್ಷ ಸ್ಟೇಷನ್ನಿನ ಮೊದಲ ಘಟಕದ ವ್ಯಾಸ 3.8 ಮೀಟರು, ಉದ್ದ 8 ಮೀಟರು, ತೂಕ ಸುಮಾರು 10 ಟನ್ನು. ಅದರ ಹೊರಗಾತ್ರ ಲೆಕ್ಕಕ್ಕೆ 90 ಘನ ಮೀಟರುಗಳಷ್ಟಾದರೆ, ಅಷ್ಟೇ ಅಗಲದ ಕವಚದಲ್ಲಿ ಮಡಿಚಿಡಬಹುದಾದ ಬಟ್ಟೆಯ ಘಟಕವು ಹಿಗ್ಗಿದ ಮೇಲೆ ಅದರ ಮೂರರಷ್ಟು ಆಗಬಲ್ಲುದು. ಲೋಹದ ಕೊಠಡಿ ಸಕಲ ಸಲಕರಣೆಗಳೊಡನೆ ಸಜ್ಜಾಗಿ ಏರುತ್ತದೆ, ಬಟ್ಟೆಯದು ಬಹುಪಾಲು ಬರಿದಾಗಿ ಏರುವುದರಿಂದ ಒಳಗಿನ ಸರಂಜಾಮಿಗೆ ಇನ್ನೊಂದು ಯಾನ ಬೇಕಾಗುತ್ತದೆ ಎಂಬ ಆಕ್ಷೇಪ ನಿಜವೇ. ಹಾಗಿದ್ದರೂ ಮೊದಲೆರಡು ಘಟಕಗಳನ್ನು ಲೋಹದಿಂದ ಕಟ್ಟಿ, ಆಮೇಲಿನ ಉಗ್ರಾಣಕ್ಕೂ ಸಸ್ಯಶಾಲೆಗೂ ಬಟ್ಟೆಯನ್ನು ಆಶ್ರಯಿಸುವುದು, 2035ರ ವೇಳೆಗೆ ನಿಲ್ದಾಣವನ್ನು ಪೂರ್ತಿಗೊಳಿಸಬಯಸುವ, ಮಿತವಾದ ರಾಕೆಟ್ಟುಳ್ಳ ರಾಷ್ಟ್ರಕ್ಕೆ ವಿಹಿತವಾದ ಮಾರ್ಗವೆಂದು ನಾನು ನಂಬುತ್ತೇನೆ.

ಸಸ್ಯಶಾಲೆ ಎಂದದ್ದು ಅಲಂಕಾರಕ್ಕಲ್ಲ. 2025ರ ಜೂನ್ 25ರಂದು ಆಕ್ಸಿಯಮ್ ಎಂಬ ಖಾಸಗಿ ಕಂಪನಿಯ ಯಾನದಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷಕ್ಕೆ ಹೋದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿಯ ಐಐಟಿಯೂ ಕೂಡಿ ರೂಪಿಸಿದ, ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೊಳಕೆಯೊಡೆಸುವ ಪ್ರಯೋಗವನ್ನು ಅಲ್ಲಿ ನಡೆಯಿಸಿದರು. ನಮ್ಮ ಸೀಮೆಯ ಹೊಲದ ಕಾಳು ಆಕಾಶದಲ್ಲಿ ಮೊಳೆತದ್ದು ನನಗೆ ಹೆಮ್ಮೆಯ ಸಂಗತಿ. ಅದಕ್ಕಿಂತ ಮುಖ್ಯವಾದುದು, ಖಾಸಗಿ ನಿಲ್ದಾಣಕ್ಕೆ ಯಾರು ಗಿರಾಕಿಗಳಾಗಬಲ್ಲರೆಂಬುದಕ್ಕೆ ಅದು ಕೊಡುವ ಉತ್ತರ. ಮೂಡಲಗಿಯ ಸೀಮೆಯಲ್ಲಿ ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯವಿದೆ. ಅಂಥ ವಿದ್ಯಾಸಂಸ್ಥೆಗಳು ವರ್ಷಕ್ಕೆ ಇಷ್ಟು ಚದರಡಿ, ಇಷ್ಟು ತಿಂಗಳು ಎಂದು ಕೊಠಡಿಯನ್ನು ಬಾಡಿಗೆಗೆ ಹಿಡಿಯುವಂತಾದರೆ, ಬಿಗೆಲೋ ಕಾಣದ ಒಕ್ಕಲು ಈ ಮನೆಗೆ ದೊರೆತಂತಾಗುತ್ತದೆ.

ಕಟ್ಟುವ ಕೈಗಳ ವಿಷಯವಾಗಿ ಹೇಳುವುದಾದರೆ, ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಈಕ್ವಸ್ ಕಂಪನಿಯ ವಿಶೇಷ ಆರ್ಥಿಕ ವಲಯದೊಳಗೆ ವಿಮಾನಗಳ ಬಿಡಿಭಾಗಗಳನ್ನು ಕುಲುಮೆಗೆ ಕೊಟ್ಟು, ಕೊರೆದು, ಮೇಲ್ಮೈ ಸಂಸ್ಕಾರ ಮಾಡಿ ಹೊರದೇಶದ ವಿಮಾನ ತಯಾರಕರಿಗೆ ಕಳುಹಿಸುವ ಕೆಲಸ ಒಂದೇ ಆವರಣದಲ್ಲಿ ನಡೆಯುತ್ತಿದೆ. ಬಟ್ಟೆಯ ಘಟಕಕ್ಕೂ ಬೇಕಾದ ಬಾಗಿಲ ಬಳೆ, ಕಿಟಕಿಯ ಚೌಕಟ್ಟು, ನಡುಗಂಬ ಇವೆಲ್ಲ ಇಂಥ ಕೈಗಳಿಂದಲೇ ಆಗತಕ್ಕವು. ನೆಯ್ಗೆಯ ಮಾತು ಬೇರೆ: ಗೋಕಾಕದ ಹತ್ತಿಯ ನೂಲಿಗೂ ವೆಕ್ಟ್ರಾನಿಗೂ ನಡುವೆ ಇರುವ ಅಂತರವನ್ನು ಅಭಿಮಾನದಿಂದ ತುಂಬಲಾಗದು, ಅದಕ್ಕೆ ಹೊಸ ರಸಾಯನಶಾಸ್ತ್ರವೂ ಹೊಸ ಮಗ್ಗಗಳೂ ಬೇಕು.

ಈ ಎರಡೂ ವಿದ್ಯೆಗಳನ್ನು ಕೂಡಿಸುವ ಭಾರವನ್ನು ಹೊರುವ ಉದ್ಯಮಿ ಮುಂದೆ ಬರಬೇಕಾದರೆ, ಎಷ್ಟು ಘನ ಮೀಟರು, ಎಷ್ಟು ವರ್ಷ, ಯಾವ ಬಾಡಿಗೆಗೆ ತಾನು ಕೊಳ್ಳುವೆನೆಂಬುದನ್ನು ಇಸ್ರೋ ಮೊದಲೇ ಕರಾರಿನ ಮಾತಾಗಿ ಹೇಳಬೇಕು. ಕರಾರು ತಡವಾದರೂ ತಡೆಯಲಾಗದ ಕೆಲಸವೊಂದಿದೆ. ನಾನಾ ಬಗೆಯ ತಂತುಗಳ ಪಟ್ಟಿಗಳನ್ನು ನಾನಾ ಪ್ರಮಾಣದ ಭಾರಕ್ಕೆ ತೂಗುಹಾಕಿ, ಬಿಸಿಗೂ ತಂಪಿಗೂ ಒಡ್ಡಿ, ಅವು ಜಗ್ಗುವುದನ್ನು ತಿಂಗಳು ತಿಂಗಳೂ ಬರೆದಿಡುವ ಒಂದು ಪರೀಕ್ಷಾಶಾಲೆಗೆ ದೊಡ್ಡ ಬಂಡವಾಳವಾಗಲಿ ರಾಕೆಟ್ಟಾಗಲಿ ಬೇಡ. ಗಟ್ಟಿಯಾದ ಒಂದು ಕಟ್ಟಡ, ನಂಬಿಗಸ್ತ ವಿದ್ಯುತ್ತು, ಎಳೆಯನ್ನು ಬಲ್ಲ ಕೆಲವರು ಇದ್ದರೆ ಸಾಕು, ಮತ್ತು ಗೋಕಾಕ-ಹುಕ್ಕೇರಿಗಳ ನಡುವೆ ಈ ಮೂರೂ ದೊರೆಯುತ್ತವೆ. 2035ರ ಹೊತ್ತಿಗೆ ಘಟಕದ ಗೋಡೆಯನ್ನು ಒಪ್ಪಬೇಕೋ ಬಿಡಬೇಕೋ ಎಂದು ನಿರ್ಣಯಿಸುವವರ ಮುಂದೆ ನಮ್ಮದೇ ಆದ ಎಂಟು ಹತ್ತು ವರ್ಷಗಳ ಅಳತೆಯ ಪುಸ್ತಕ ಇರಬೇಕಾದರೆ, ಮೊದಲ ಪಟ್ಟಿಯನ್ನು ಈ ವರ್ಷವೇ ತೂಗುಹಾಕಬೇಕು.