ಅರ್ಕಾವತಿಗೆ ಅಂಗಳ ಬೇಕು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆ ತಾಲ್ಲೂಕುಗಳಲ್ಲಿ ಎಲ್ಲೇ ಕೆರೆ ಪುನಶ್ಚೇತನ ನಡೆದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಜೆಸಿಬಿ ಇಳಿಯುತ್ತದೆ. ಕೆರೆಯ ಒಡಲನ್ನು ಒಂದೇ ಆಳಕ್ಕೆ ಕೆರೆದು ಹೂಳು ತೆಗೆಯುತ್ತಾರೆ. ತೆಗೆದ ಮಣ್ಣಿನಲ್ಲಿ ಒಂದಿಷ್ಟನ್ನು ರೈತರು ಹೊಲಕ್ಕೆ ಒಯ್ಯುತ್ತಾರೆ, ಉಳಿದದ್ದು ಸುತ್ತಲೂ ಏರಿಯಾಗುತ್ತದೆ. ಅದಕ್ಕೆ ಕಲ್ಲು ಹೊದಿಸಿ, ಮೇಲೆ ನಡಿಗೆ ಹಾದಿ ಮಾಡಿ, ಬೇಲಿ ಹಾಕುತ್ತಾರೆ. ಮಳೆ ಬಂದು ತುಂಬಿದ ದಿನ ಊರವರು ಬಾಗಿನ ಅರ್ಪಿಸುತ್ತಾರೆ. ಆ ಸಂಭ್ರಮ ನಿಜವಾದದ್ದು. ಒಣಗಿದ ಕೆರೆಯ ಪಕ್ಕ ಬದುಕಿದವರಿಗೇ ತುಂಬಿದ ಕೆರೆಯ ಬೆಲೆ ಗೊತ್ತು. ಆದರೆ ಈ ಕೆಲಸವನ್ನು ನದಿಯ ಪುನಶ್ಚೇತನ ಎಂದು ಕರೆಯುವಾಗ ನದಿಯ ದೃಷ್ಟಿಯಿಂದ ಅದನ್ನು ತೂಗಿ ನೋಡಬೇಕು. ಹಾಗೆ ನೋಡಿದರೆ ನಾವು ನೀರನ್ನು ಹಿಡಿದಿಡುವ ಪಾತ್ರೆಗಳನ್ನು ಸರಿಪಡಿಸುತ್ತಿದ್ದೇವೆ. ನೀರು ಹರಿದು ಬರುವ ದಾರಿಯೂ ಬಂದ ಮೇಲೆ ಹರಡುವ ನೆಲವೂ ಹಾಗೇ ಮುಚ್ಚಿಕೊಂಡಿವೆ.

ಈ ಬಯಲುಸೀಮೆಯ ಕೆರೆಗೆ ಏರಿ ಒಂದೇ ಕಡೆ. ಏರಿಯ ಬುಡದಲ್ಲಿ ಆಳ. ಅಲ್ಲಿಂದ ಹಿಂದಕ್ಕೆ ಹೋದಂತೆ ನೆಲ ನಿಧಾನವಾಗಿ ಏರುತ್ತ ಮೊಣಕಾಲುದ್ದ, ಪಾದ ಮುಳುಗುವಷ್ಟು, ಕೊನೆಗೆ ಬರಿಯ ತೇವ. ಕೆರೆಯಂಗಳ ಎಂದರೆ ಇದೇ. ಮಳೆಗಾಲದಲ್ಲಿ ಹಿನ್ನೀರು ಇಲ್ಲಿಯವರೆಗೂ ಚಾಚುತ್ತದೆ, ಬೇಸಿಗೆಗೆ ಹಿಂಜರಿಯುತ್ತದೆ. ಈ ಏರಿಳಿತವೇ ಇಲ್ಲಿನ ಜೀವ. ಮೀನು ಮೊಟ್ಟೆಯಿಡುವುದು ಮುಳುಗಿದ ಹುಲ್ಲಿನ ನಡುವೆ, ಆಳದಲ್ಲಲ್ಲ. ಕೊಕ್ಕರೆ, ಕೆಂಬರಲು, ಮೆಟ್ಟುಗಾಲು ಹಕ್ಕಿ ಮೇಯುವುದು ಗೇಣಾಳದ ನೀರಿನಲ್ಲಿ. ಹೊನಗೊನ್ನೆ, ಒಂದೆಲಗ, ಆಪು, ಜೊಂಡು ಬೆಳೆಯುವುದೂ ಆ ಅಂಚಿನಲ್ಲೇ. ಮೇಲಿನ ಹೊಲಗಳಿಂದ ಕೊಚ್ಚಿ ಬಂದ ಮಣ್ಣು ಮತ್ತು ಗೊಬ್ಬರದ ಸಾರ ಅಲ್ಲೇ ತಂಗುತ್ತದೆ. ನೀರು ಹಿಂದೆ ಸರಿದಾಗ ಬಿಟ್ಟುಹೋದ ತೇವದ ಮೇಲೆ ದನ ಮೇಯುತ್ತಿದ್ದವು, ಹುರುಳಿ ಚೆಲ್ಲುತ್ತಿದ್ದರು. ಸುತ್ತಲೂ ಏರಿ ಕಟ್ಟಿ ಕೆರೆಯನ್ನು ಬೋಗುಣಿ ಮಾಡಿದಾಗ ಮೊದಲು ಕಳೆದುಹೋಗುವುದು ಈ ಅಂಗಳವೇ. ಮಳೆನೀರು ಹರಿದು ಒಳಬರುತ್ತಿದ್ದ ಇಳಿಜಾರಿಗೂ ಆಗ ಗೋಡೆ ಬೀಳುತ್ತದೆ. ಇಂಥ ಕೆರೆ ತುಂಬಿದಾಗಲೂ ಅದರಲ್ಲಿ ಹಕ್ಕಿಗೆ ನಿಲ್ಲಲು ನೆಲೆಯಿರುವುದಿಲ್ಲ.

ಅರ್ಕಾವತಿಯ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುವ ಈ ನದಿ ತನ್ನ ಮೇಲ್ಪಾತ್ರದಲ್ಲಿ ಕೆರೆಗಳ ಸರಣಿಯಾಗಿಯೇ ಹರಿಯುತ್ತದೆ. ಒಂದರ ಕೋಡಿ ಇನ್ನೊಂದರ ಒಳಹರಿವು. ಎರಡು ಕೆರೆಗಳ ನಡುವಿನ ತಗ್ಗು ಬಯಲಲ್ಲಿ ಗದ್ದೆ. ಇಲ್ಲಿ ನೈಸರ್ಗಿಕ ನೆರೆ ಎಂದರೆ ದಡ ಮೀರಿ ನುಗ್ಗುವ ದೊಡ್ಡ ಪ್ರವಾಹವಲ್ಲ. ಕೋಡಿ ಬಿದ್ದ ನೀರು ತಗ್ಗಿನುದ್ದಕ್ಕೂ ಹರಡುತ್ತ, ನೆಲಕ್ಕೆ ಇಂಗುತ್ತ, ಮುಂದಿನ ಕೆರೆಯಂಗಳಕ್ಕೆ ಇಳಿಯುವುದೇ ಇಲ್ಲಿನ ನೆರೆ. ಈ ನೀರನ್ನು ನಂಬಿಯೇ 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯುವ ನೀರು ಹೋಯಿತು, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ಆ ಜಲಾಶಯಕ್ಕೆ ಸುಮಾರು 1,450 ಚದರ ಕಿಲೋಮೀಟರ್ ಜಲಾನಯನವಿದೆ. ಆದರೂ 1970ರ ದಶಕದ ನಂತರ ಒಳಹರಿವು ಕುಸಿಯುತ್ತಲೇ ಹೋಗಿ ಹಳೆಯದರ ಸಣ್ಣದೊಂದು ಪಾಲಿಗೆ ಇಳಿಯಿತು.

ಏಕೆ ಇಳಿಯಿತು ಎಂಬುದನ್ನು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಬಿಡಿಸಿ ನೋಡಿದ್ದಾರೆ. 2015ರಲ್ಲಿ ಪ್ರಕಟವಾದ ಅವರ ಅಧ್ಯಯನ ಮಳೆ ಕಡಿಮೆಯಾದದ್ದೇ ಕಾರಣ ಎಂಬ ಸುಲಭದ ಉತ್ತರವನ್ನು ಒಪ್ಪುವುದಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲ ಕುಸಿದದ್ದು, ನೀಲಗಿರಿ ತೋಪುಗಳು, ಇವೆರಡಕ್ಕಿಂತ ಕಡಿಮೆ ಮಟ್ಟಿಗೆ ಹಳ್ಳದುದ್ದಕ್ಕೂ ಬಂದ ಅಡ್ಡಕಟ್ಟೆಗಳು ಅದು ಮುಂದಿಡುವ ಕಾರಣಗಳು. ಅಂತರ್ಜಲ ಹಳ್ಳದ ತಳಕ್ಕಿಂತ ಮೇಲಿದ್ದಾಗ ಅದು ಊಟೆಯಾಗಿ ಒಸರಿ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಳ್ಳವನ್ನು ಹರಿಸುತ್ತದೆ. ಅದು ನೂರಾರು ಅಡಿ ಕೆಳಗಿಳಿದಾಗ ಸಾಧಾರಣ ಮಳೆಯೆಲ್ಲ ಒಣ ಮಣ್ಣಿಗೇ ಸಾಲುವುದಿಲ್ಲ. ಸಾವಿರ ಅಡಿ ಕೊರೆದರೂ ಬರಿ ಧೂಳು ಬರುವ ಹೊಲಗಳು ಈ ಜಿಲ್ಲೆಯಲ್ಲಿ ಎಷ್ಟೋ ಇವೆ.

ಈ ಅಧ್ಯಯನದಲ್ಲಿ ನನ್ನನ್ನು ಬಹುಕಾಲ ಕಾಡಿದ ಮಾತು ಅಡ್ಡಕಟ್ಟೆಗಳದ್ದು. ಚೆಕ್‌ಡ್ಯಾಂ, ಕೃಷಿಹೊಂಡ, ಬದು ಎಲ್ಲವನ್ನೂ ನಾವು ಪ್ರಶ್ನೆಯಿಲ್ಲದೆ ಒಳ್ಳೆಯವೆಂದು ಒಪ್ಪಿಕೊಂಡಿದ್ದೇವೆ. ಕಟ್ಟಿದ ಹೊಲದ ಮಟ್ಟಿಗೆ ಅವು ಒಳ್ಳೆಯವೂ ಹೌದು. ಆದರೆ ಮೇಲೆ ಹಿಡಿದ ಪ್ರತಿ ಕೊಡ ನೀರು ಕೆಳಗಿನ ಕೆರೆಗೆ ಕಡಿಮೆಯಾದ ಕೊಡ. ಬೆಟ್ಟದ ಬುಡದಿಂದ ಕೆರೆಯವರೆಗೆ ಇಂಥ ನೂರು ತಡೆಗಳನ್ನು ಕಟ್ಟಿ, ಅದೇ ಸರ್ಕಾರದ ಇನ್ನೊಂದು ಯೋಜನೆಯಲ್ಲಿ ಕೆರೆಯ ಹೂಳೆತ್ತಿ ನೀರಿಗಾಗಿ ಕಾಯುವುದಕ್ಕೆ ಅರ್ಥವಿಲ್ಲ. ನೆಲಮಂಗಲದ ಕಡೆಯಿಂದ ಬರುವ ಉಪನದಿ ಕುಮುದ್ವತಿಯ ಪುನಶ್ಚೇತನದಲ್ಲೂ ಹೆಚ್ಚು ಒತ್ತು ಬಿದ್ದದ್ದು ನೀರನ್ನು ತಡೆದು ಇಂಗಿಸುವ ರಚನೆಗಳ ಮೇಲೆ. ಇಂಗಿದ್ದನ್ನು ಕೊಳವೆಬಾವಿಗಳು ಎತ್ತುತ್ತಲೇ ಇದ್ದರೆ ನದಿಯ ಪಾಲಿಗೆ ಏನು ಉಳಿಯುತ್ತದೆ ಎಂಬ ಲೆಕ್ಕವಿಲ್ಲದೆ ಆ ಕೆಲಸ ಪೂರ್ತಿಯಾಗುವುದಿಲ್ಲ.

ಹಾಗಾದರೆ ನೆರೆ ಮರಳಿ ಬಂದೀತೇ? 2021 ಮತ್ತು 2022ರ ಮಳೆಗೆ ಉತ್ತರ ಸಿಕ್ಕಿತು. ಅರ್ಕಾವತಿ ಸಾಲಿನ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದವು, ಹೆಸರಘಟ್ಟಕ್ಕೆ ದಶಕಗಳ ಬಳಿಕ ನೀರು ಬಂತು. ನದಿ ತನ್ನ ದಾರಿಯನ್ನು ಮರೆತಿರಲಿಲ್ಲ. ಆದರೆ ದಾರಿಯಲ್ಲಿ ಹೊಲ, ಲೇಔಟು, ರಸ್ತೆಗಳು ಬಂದು ನಿಂತಿದ್ದವು. ಬೆಳೆ ಮುಳುಗಿತು, ಮನೆಗೆ ನೀರು ನುಗ್ಗಿತು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ ಸೇರಿ ಹತ್ತು ಸಾವಿರ ಎಕರೆಗೂ ಹೆಚ್ಚು ಕೆರೆಭೂಮಿ ಒತ್ತುವರಿಯಾಗಿದೆ ಎಂದು ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸದನ ಸಮಿತಿ ಗುರುತಿಸಿತ್ತು. ಇದರಲ್ಲಿ ಭೂಗಳ್ಳರ ಪಾಲು ಬೇರೆ, ಕೆರೆ ಬತ್ತಿದ ಮೇಲೆ ಅಂಗಳದ ತೇವ ನಂಬಿ ರಾಗಿ, ಮೇವು ಹಾಕಿಕೊಂಡ ಬಡ ರೈತನ ಪಾಲು ಬೇರೆ. ಇಬ್ಬರನ್ನೂ ಒಂದೇ ಬುಲ್ಡೋಜರಿನಿಂದ ಎಬ್ಬಿಸುವ ಪುನಶ್ಚೇತನವನ್ನು ನಾನು ಒಪ್ಪಲಾರೆ.

ನದಿಗೆ ಹರಡಲು ನೆಲ ಬೇಕು, ಆದರೆ ಈ ಸೀಮೆಯಲ್ಲಿ ನೆಲದ ಮಾತು ಎತ್ತುವುದೇ ಕಷ್ಟ, ಅದಕ್ಕೆ ಕಾರಣವೂ ಇದೆ. ಎತ್ತಿನಹೊಳೆ ನೀರಿನ ಯೋಜನೆಗಾಗಿ ಬೈರಗೊಂಡ್ಲು ಜಲಾಶಯದ ಮಾತು ಬಂದಾಗ ಕೊರಟಗೆರೆ ಕಡೆಯವರಿಗೊಂದು ಪರಿಹಾರ, ದೊಡ್ಡಬಳ್ಳಾಪುರದವರಿಗೊಂದು ಪರಿಹಾರ ಎಂಬ ಜಗಳದಲ್ಲಿ ವರ್ಷಗಳೇ ಉರುಳಿದವು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ಇಂಥ ಜನರ ಮುಂದೆ ಹೋಗಿ ನದಿಗೆ ಹೊಲ ಬಿಟ್ಟುಕೊಡಿ ಎಂದರೆ ಯಾರು ನಂಬಿಯಾರು? ಹಾಗಾಗಿ ಸ್ವಾಧೀನದ ದಾರಿ ಇಲ್ಲಿ ಬೇಡ. ಪಹಣಿ ರೈತನ ಹೆಸರಿನಲ್ಲೇ ಉಳಿಯಬೇಕು. ನೀರು ನಿಂತ ತಿಂಗಳುಗಳಿಗೆ ಅವನಿಗೆ ಹಣ ಸಲ್ಲಬೇಕು, ನೀರು ಇಳಿದ ಮೇಲೆ ತೇವದ ಬೆಳೆ ಅವನದೇ ಆಗಬೇಕು.

ಇಂಥದ್ದು ಸಾಧ್ಯ ಎಂಬುದಕ್ಕೆ ನೆದರ್ಲೆಂಡ್ಸಿನ ಓವರ್‌ಡೀಪ್ಸೆ ಪೋಲ್ಡರ್ ಎಂಬ, ಒಡ್ಡು ಸುತ್ತಿದ ತಗ್ಗು ಪ್ರದೇಶ ಸಾಕ್ಷಿ. ನದಿಗೆ ಜಾಗ ಕೊಡುವ ಅಲ್ಲಿನ ರಾಷ್ಟ್ರೀಯ ಯೋಜನೆಯಲ್ಲಿ ತಮ್ಮ ಹೊಲಗಳೂ ಸೇರಿವೆ ಎಂದು ತಿಳಿದಾಗ ಅಲ್ಲಿನ ಹೈನುಗಾರರು ತಾವೇ ಒಂದು ಯೋಜನೆ ಮುಂದಿಟ್ಟರು. ನದಿಯ ಕಡೆಯ ಒಡ್ಡನ್ನು ತಗ್ಗಿಸಿ ದೊಡ್ಡ ನೆರೆಯನ್ನು ಒಳಬಿಡುವುದು, ಮನೆ ಮತ್ತು ಕೊಟ್ಟಿಗೆಗಳನ್ನು ಎತ್ತರದ ದಿಬ್ಬಗಳ ಮೇಲೆ ಕಟ್ಟುವುದು. ಕೆಲವರು ಪರಿಹಾರ ಪಡೆದು ಊರು ಬಿಟ್ಟರು, ಕೆಲವರು ದಿಬ್ಬದ ಮೇಲೆ ಉಳಿದರು. ಅಲ್ಲಿ ನೀರು ಹೆಚ್ಚು, ಇಲ್ಲಿ ನೀರಿಲ್ಲ. ಆ ಯೋಜನೆಯನ್ನು ಹಾಗೆಯೇ ಇಲ್ಲಿಗೆ ಎತ್ತಿ ತರಲಾಗುವುದಿಲ್ಲ. ನಾನು ಮೆಚ್ಚುವುದು ನಕ್ಷೆ ಬರೆಯುವಾಗಲೇ ರೈತರು ಮೇಜಿನ ಬಳಿ ಇದ್ದರು ಎಂಬುದನ್ನು.

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಯಾವ ನೀರನ್ನು ಹೊಲಕ್ಕೆ ಬಿಡುವುದು? ದೊಡ್ಡಬಳ್ಳಾಪುರ ನಗರದ ಒಳಚರಂಡಿ ನೀರು ಮತ್ತು ಬಾಶೆಟ್ಟಿಹಳ್ಳಿ ಕಡೆಯ ಕೈಗಾರಿಕೆಗಳ ತ್ಯಾಜ್ಯ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಸೇರುತ್ತಿದೆ ಎಂದು ಆ ಭಾಗದ ಹಳ್ಳಿಗರು ವರ್ಷಗಳಿಂದ ಬೀದಿಗಿಳಿದಿದ್ದಾರೆ. ಅವರ ಬಾವಿಯ ನೀರೇ ಕೆಟ್ಟಿದೆ. ಈ ಸ್ಥಿತಿಯಲ್ಲಿ ನೆರೆಯನ್ನು ಹೊಲಗಳಿಗೆ ತೆರೆದರೆ ವಿಷವನ್ನು ಹರಡಿದಂತಾಗುತ್ತದೆ. ಜೌಗು ನೆಲ ಕೊಳೆಯನ್ನು ಒಂದಿಷ್ಟು ಶುದ್ಧಗೊಳಿಸುತ್ತದೆ ನಿಜ, ಆದರೆ ಬಣ್ಣ ಮತ್ತು ರಾಸಾಯನಿಕಗಳ ಹೊರೆಯನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಎರಡನೇ ಹಂತದವರೆಗೆ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು ಪೈಪಿನಲ್ಲಿ ಬಂದು ಈ ಜಿಲ್ಲೆಯ ಕೆಲವು ಕೆರೆಗಳನ್ನು ತುಂಬುತ್ತಿದೆ. ಒಣ ಕೆರೆಗೆ ನೀರು ಬಂದದ್ದು, ಅಂತರ್ಜಲ ಚೇತರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಆದರೆ ವರ್ಷವಿಡೀ ಒಂದೇ ಮಟ್ಟದಲ್ಲಿ ನಿಲ್ಲುವ ನೀರು ಋತುವಿನೊಂದಿಗೆ ಏರಿಳಿಯುವ ಅಂಗಳವನ್ನು ಕೊಡುವುದಿಲ್ಲ.

ಕಾನೂನಿನಿಂದಲೂ ಹೆಚ್ಚಿನ ಬೆಂಬಲವಿಲ್ಲ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ನದಿಪಾತ್ರವನ್ನೂ, ಗದ್ದೆಗಳನ್ನೂ, ನೀರಾವರಿಗಾಗಿ ಮನುಷ್ಯರು ಕಟ್ಟಿದ ಜಲಕಾಯಗಳನ್ನೂ ಜೌಗು ಪ್ರದೇಶದ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಅರ್ಕಾವತಿಯ ಮೇಲ್ಪಾತ್ರದಲ್ಲಿ ಇರುವುದು ಈ ಮೂರೇ. ಶತಮಾನಗಳಿಂದ ಹಕ್ಕಿ, ಮೀನು, ಜೊಂಡಿಗೆ ಮನೆಯಾದ ಕೆರೆಯನ್ನು ಯಾವನೋ ಪಾಳೆಯಗಾರ ಕಟ್ಟಿಸಿದ ಎಂಬ ಕಾರಣಕ್ಕೆ ಲೆಕ್ಕದಿಂದ ಬಿಡುವ ನಿಯಮ ಕರ್ನಾಟಕದ ಬಯಲುಸೀಮೆಗೆ ಹೊಂದುವುದಿಲ್ಲ.

ಒಣಗಿದ ನೆಲವನ್ನೆಲ್ಲ ಪಾಳು ಎಂದುಕೊಂಡು ಮುಳುಗಿಸಬೇಕೆಂದೂ ಇಲ್ಲ. ಹೆಸರಘಟ್ಟ ಬತ್ತಿದ ವರ್ಷಗಳಲ್ಲಿ ಅದರ ಒಡಲಲ್ಲೂ ಸುತ್ತಲೂ ಹುಲ್ಲು ಹಬ್ಬಿ, ಚಳಿಗಾಲಕ್ಕೆ ದೂರದಿಂದ ಬರುವ ಸೆಳೆವ ಹದ್ದುಗಳಿಗೆ ರಾತ್ರಿ ತಂಗುವ ನೆಲೆಯಾಗಿತ್ತು. ಸುತ್ತಲಿನ ಹುಲ್ಲುಗಾವಲಿನ ಐದೂವರೆ ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. ಅಲ್ಲಿ ನೀರೂ ಹುಲ್ಲೂ ಋತುವಿಗೆ ತಕ್ಕಂತೆ ಜಾಗ ಬದಲಿಸಿಕೊಳ್ಳಲು ಬಿಡುವುದೇ ಸರಿಯಾದ ನಿರ್ವಹಣೆ.

ಆರಂಭ ಎಲ್ಲಿಂದ ಎಂದರೆ, ನಂದಿಯ ಬುಡದಿಂದ ದೊಡ್ಡಬಳ್ಳಾಪುರದ ನಾಗರಕೆರೆಯವರೆಗಿನ ಪಾತ್ರದಿಂದ ಎನ್ನುತ್ತೇನೆ. ಅಲ್ಲಿಯವರೆಗೆ ನಗರದ ಕೊಳೆ ನದಿಗೆ ಸೇರಿರುವುದಿಲ್ಲ. ಮೊದಲು ಖರಾಬು ಮತ್ತು ಕೆರೆ ಅಂಗಳದ ಸರ್ಕಾರಿ ನೆಲ, ನಂತರ ಒಪ್ಪಿದ ರೈತರ ತಗ್ಗಿನ ಹೊಲ. ಮುಚ್ಚಿದ ಕಾಲುವೆ ತೆರೆಯುವುದು, ಒಳಹರಿವಿನ ಕಡೆ ಎಬ್ಬಿಸಿದ ಏರಿಯನ್ನು ಇಳಿಸುವುದು, ಬದಿಯ ನೀಲಗಿರಿಯನ್ನು ಬೇರುಸಹಿತ ತೆಗೆಯುವುದು. ಇದಕ್ಕೆ ಕಲ್ಲು, ಸಿಮೆಂಟು ಹೆಚ್ಚು ಬೇಕಿಲ್ಲವಾದ್ದರಿಂದ ಗುತ್ತಿಗೆದಾರರಿಗೆ ಆಸಕ್ತಿ ಕಡಿಮೆ ಇರಬಹುದು. ಎಷ್ಟು ಘನಮೀಟರ್ ಹೂಳು ತೆಗೆದೆವು ಎಂಬುದರ ಜೊತೆಗೆ ಅಂಗಳದ ಎಷ್ಟು ಎಕರೆಯಲ್ಲಿ ಎಷ್ಟು ದಿನ ನೀರು ನಿಂತಿತು ಎಂಬ ಕಲಮೂ ಮುಂದಿನ ಅಂದಾಜು ಪಟ್ಟಿಯಲ್ಲಿ ಬರಲಿ. ಅದನ್ನು ಅಳೆಯುವ ಕೆಲಸವನ್ನು ಆಯಾ ಊರಿನ ಗ್ರಾಮಸಭೆಗೇ ವಹಿಸಲಿ.