650 ಪದಗಳಲ್ಲಿ ಒಂದು ಊರು

ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ಪದವಿ ತರಗತಿಗೆ ಅರ್ಜಿ ಹಾಕುವ ವಿದ್ಯಾರ್ಥಿ ಅಂಕಪಟ್ಟಿಯ ಜೊತೆಗೆ ತನ್ನ ಬಗ್ಗೆ ಒಂದು ಪ್ರಬಂಧವನ್ನೂ ಬರೆದು ಕಳುಹಿಸಬೇಕು. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಸ್ವೀಕರಿಸುವ ‘ಕಾಮನ್ ಆಪ್’ ಎಂಬ ಸಾಮಾನ್ಯ ಅರ್ಜಿಯಲ್ಲಿ ಇದಕ್ಕೆ 650 ಪದಗಳ ಮಿತಿ ಇದೆ. ನಮ್ಮ ಪೋಷಕರು ಇದನ್ನು ಅರ್ಜಿಯ ಇನ್ನೊಂದು ಕಾಲಂ ಎಂದೇ ತಿಳಿದಿರುತ್ತಾರೆ. ಆದರೆ ಇದು ತನ್ನದೇ ಚರಿತ್ರೆ, ಕಟ್ಟುಪಾಡು, ಮಾರುಕಟ್ಟೆಗಳಿರುವ ಒಂದು ಬರವಣಿಗೆಯ ಪ್ರಕಾರ. ಸಣ್ಣಕತೆಯನ್ನೋ ಆತ್ಮಕಥೆಯನ್ನೋ ವಿಮರ್ಶಿಸುವ ನಾವು ಇದನ್ನೂ ವಿಮರ್ಶೆಗೆ ಒಡ್ಡಬೇಕು. ನಂಜನಗೂಡಿನ ಅಥವಾ ತಿ. ನರಸೀಪುರದ ಒಬ್ಬ ಹುಡುಗಿ ಇದನ್ನು ಬರೆಯಲು ಕೂತಾಗ ತನ್ನ ಮನೆ, ಬೀದಿ, ಜಮಾಅತ್ ಎಲ್ಲವನ್ನೂ ಹೇಗೆ ತೋರಿಸಬೇಕೆಂಬ ಒತ್ತಡ ಅವಳ ಮೇಲೆ ಬೀಳುತ್ತದೆ.

ಆ ಅರ್ಜಿ ಕೇಳುವ ಪ್ರಶ್ನೆಗಳು ಏಳು. ನಿನ್ನ ಹಿನ್ನೆಲೆಯಲ್ಲಿ ಹೇಳಲೇಬೇಕಾದದ್ದು ಏನಿದೆ? ಯಾವ ಅಡ್ಡಿಯನ್ನು ಎದುರಿಸಿದೆ, ಏನು ಕಲಿತೆ? ಯಾವ ನಂಬಿಕೆಯನ್ನು ಪ್ರಶ್ನಿಸಿದೆ? ಹೀಗೆ ಸಾಗಿ ಕೊನೆಯದು ‘ನಿನ್ನಿಷ್ಟದ ವಿಷಯ’ ಎಂದು ಮುಗಿಯುತ್ತದೆ. ನಮ್ಮ ಶಾಲೆಗಳಲ್ಲಿ ಪ್ರಬಂಧವೆಂದರೆ ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ‘ನಾನು’ ಎಂಬ ಪದ ಬರುವುದು ರಜಾ ಅರ್ಜಿಯಲ್ಲಿ ಮಾತ್ರ, ಅದೂ ಜ್ವರ ಬಂದಾಗ. ಹನ್ನೆರಡು ವರ್ಷ ಹೀಗೆ ಬರೆದ ಮಗುವಿಗೆ ಒಮ್ಮೆಲೇ ‘ನೀನು ಯಾರು’ ಎಂದು ಕೇಳಿದರೆ ಅದು ತಬ್ಬಿಬ್ಬಾಗುವುದು ಸಹಜ.

ಅಂಕಗಳ ದಬ್ಬಾಳಿಕೆಯಲ್ಲಿ ಬೆಂದ ನಮಗೆ ಈ ಪದ್ಧತಿ ಬಹಳ ಉದಾರವಾಗಿ ಕಾಣುತ್ತದೆ. ಸಿಇಟಿಯ ರ್‍ಯಾಂಕಿಗೆ ಮುಖವಿಲ್ಲ, ಅಮೆರಿಕದವರು ಇಡೀ ಮನುಷ್ಯನನ್ನು ನೋಡುತ್ತಾರೆ ಎಂಬುದು ನಮ್ಮ ವಿದ್ಯಾವಂತರ ಮೆಚ್ಚಿನ ಮಾತು. ಇಡೀ ಮನುಷ್ಯನನ್ನು ನೋಡುವ ಈ ಪದ್ಧತಿ ಹುಟ್ಟಿದ್ದೇಕೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಹಾರ್ವರ್ಡ್ ಮುಖ್ಯವಾಗಿ ಪರೀಕ್ಷೆಯ ಫಲಿತಾಂಶ ನೋಡಿ ಸೇರಿಸಿಕೊಳ್ಳುತ್ತಿತ್ತು. ವಲಸೆ ಬಂದ ಬಡ ಯಹೂದಿಗಳ ಮಕ್ಕಳು ಓದಿ ಪಾಸಾಗಿ ಒಳಗೆ ಬಂದರು. ಅವರ ಸಂಖ್ಯೆ ಏರುತ್ತಿರುವುದನ್ನು ಕಂಡು ಆಗಿನ ಅಧ್ಯಕ್ಷ ಲಾರೆನ್ಸ್ ಲೋವೆಲ್ 1922ರಲ್ಲಿ ಅವರಿಗೊಂದು ಮಿತಿ ಹಾಕುವ ಪ್ರಸ್ತಾಪ ಮುಂದಿಟ್ಟರು. ಬಹಿರಂಗ ಮಿತಿಯನ್ನು ಅಧ್ಯಾಪಕರ ಸಮಿತಿ ಒಪ್ಪಲಿಲ್ಲ. ಅದೇ ಕಾಲದಲ್ಲಿ ಅರ್ಜಿಯಲ್ಲಿ ಜನಾಂಗ, ಧರ್ಮ, ತಾಯಿಯ ತವರಿನ ಹೆಸರು ಕೇಳಲಾಯಿತು. ಹುಟ್ಟಿದ ಮೇಲೆ ನಿನ್ನ ಅಥವಾ ತಂದೆಯ ಹೆಸರೇನಾದರೂ ಬದಲಾಗಿದೆಯೇ ಎಂದೂ ಕೇಳಲಾಯಿತು. 1926ರಿಂದ ‘ಚಾರಿತ್ರ್ಯ’ ಮತ್ತು ‘ವ್ಯಕ್ತಿತ್ವ’ಗಳಿಗೆ ತೂಕ ಬಂತು. ಕಾಲು ಭಾಗ ದಾಟಿದ್ದ ಯಹೂದಿ ವಿದ್ಯಾರ್ಥಿಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಸುಮಾರು ಶೇ. 15ಕ್ಕೆ ಇಳಿಯಿತು. ಸಮಾಜಶಾಸ್ತ್ರಜ್ಞ ಜೆರೋಮ್ ಕರಬೆಲ್ 2005ರಲ್ಲಿ ಪ್ರಕಟಿಸಿದ ‘ದಿ ಚೋಸನ್’ ಗ್ರಂಥದಲ್ಲಿ ಇದರ ವಿವರಗಳಿವೆ. ಹೆಸರು ಕೇಳಿದ ಕೂಡಲೇ ಮನೆ ಬಾಡಿಗೆಗಿಲ್ಲ ಎನಿಸಿಕೊಂಡವರಿಗೆ ಆ ಕೊನೆಯ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪದ್ಧತಿ ಅಂದಿನಂತೆಯೇ ಉಳಿದಿದೆ ಎಂದರೆ ಅನ್ಯಾಯವಾದೀತು. ಇದೇ ‘ಇಡೀ ಮನುಷ್ಯ’ನ ತತ್ವವನ್ನು ಮುಂದೆ ಕರಿಯರನ್ನು, ಬಡವರನ್ನು ಒಳಗೆ ತರಲಿಕ್ಕೂ ಬಳಸಲಾಯಿತು. ಆದರೆ ಅದರ ಕತ್ತಿಗೆ ಎರಡೂ ಕಡೆ ಅಲಗಿದೆ. ಹಾರ್ವರ್ಡ್ ಮೇಲಿನ ಮೊಕದ್ದಮೆಯಲ್ಲಿ ನ್ಯಾಯಾಲಯದ ಮುಂದೆ ಬಂದ ಅಂಕಿಅಂಶಗಳಲ್ಲಿ ಏಷ್ಯಾ ಮೂಲದ ಅಭ್ಯರ್ಥಿಗಳಿಗೆ ಓದಿನಲ್ಲಿ ಹೆಚ್ಚು ಅಂಕವೂ ‘ವ್ಯಕ್ತಿತ್ವ’ದಲ್ಲಿ ಸರಾಸರಿ ಕಡಿಮೆ ಅಂಕವೂ ಕಂಡವು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜನಾಂಗವನ್ನು ಲೆಕ್ಕಕ್ಕೆ ಹಿಡಿದು ಪ್ರವೇಶ ಕೊಡುವುದನ್ನು ರದ್ದು ಮಾಡಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತೆಂದು ಅಭ್ಯರ್ಥಿ ಪ್ರಬಂಧದಲ್ಲಿ ಬರೆದರೆ ಅದನ್ನು ಪರಿಗಣಿಸಬಹುದೆಂದಿತು. ಕಾಲಂ ತೆಗೆದು ಅದರ ಭಾರವನ್ನೆಲ್ಲ ಪ್ರಬಂಧದ ಮೇಲೆ ಹೊರಿಸಿದಂತಾಯಿತು.

ಹೀಗೆ ಭಾರ ಹೆಚ್ಚಿದಲ್ಲಿ ವ್ಯಾಪಾರವೂ ಬರುತ್ತದೆ. ಬೆಂಗಳೂರಿನಂಥ ಊರುಗಳಲ್ಲಿ ಪ್ರಬಂಧ ‘ತಿದ್ದಿಕೊಡುವ’ ಸಲಹೆಗಾರರಿದ್ದಾರೆ. ಅವರ ಬಳಿ ಇರುವುದು ಒಂದೇ ಅಚ್ಚು: ಮೊದಲು ಒಂದು ನೋವು, ನಡುವೆ ಒಂದು ತಿರುವು, ಕೊನೆಗೆ ಜಯ. ನಂಜನಗೂಡಿನ ಮುಸ್ಲಿಂ ಹುಡುಗಿಯೊಬ್ಬಳು ಆ ಅಂಗಡಿಗೆ ಹೋದಳೆಂದು ಇಟ್ಟುಕೊಳ್ಳಿ. ಅವಳಿಗೆ ಸಿಗುವ ಮೊದಲ ಸಲಹೆ ‘ಹಿಜಾಬ್ ಬಗ್ಗೆ ಬರಿ’ ಎಂದೇ ಇರುತ್ತದೆ. 2022ರ ಫೆಬ್ರವರಿಯ ಸರ್ಕಾರಿ ಆದೇಶ, ಮಾರ್ಚಿನ ಹೈಕೋರ್ಟ್ ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಇವೆಲ್ಲ ಜಗತ್ತಿಗೇ ಗೊತ್ತಿದೆ, ಓದುವವರಿಗೆ ಕೂಡಲೇ ತಟ್ಟುತ್ತದೆ ಎಂಬ ಲೆಕ್ಕ. ಆಗ ಗೇಟಿನ ಹೊರಗೆ ನಿಂತ, ಪರೀಕ್ಷೆ ತಪ್ಪಿದ ಹುಡುಗಿಗೆ ಅದನ್ನು ಬರೆಯುವ ಪೂರ್ಣ ಹಕ್ಕಿದೆ. ಅವಳು ಬರೆಯದಿದ್ದರೆ ಬೇರೆಯವರು ಅವಳ ಪರವಾಗಿ ತಪ್ಪಾಗಿ ಬರೆಯುತ್ತಾರೆ. ಆದರೆ ಆ ದಿನಗಳಲ್ಲಿ ಎಂಟನೇ ತರಗತಿಯಲ್ಲಿ ಗಣಿತದ ಲೆಕ್ಕ ಬಿಡಿಸುತ್ತ ಸುಮ್ಮನಿದ್ದವಳು ಬೇರೆಯವಳ ನೋವನ್ನು ಕಡ ತಂದು ಬರೆದರೆ ಅದನ್ನು ಏನೆನ್ನೋಣ? ಇನ್ನೂ ಕೆಟ್ಟದ್ದು ಇದರ ಮಗ್ಗುಲಿನ ಅಚ್ಚು: ಅಪ್ಪ ಓದು ಬೇಡ ಎಂದರು, ಮಾಮು ಮದುವೆ ಗೊತ್ತು ಮಾಡಿದರು, ನಾನು ಹೋರಾಡಿ ಗೆದ್ದೆ. ಎಷ್ಟೋ ಮನೆಗಳಲ್ಲಿ ಇದು ನಿಜವೂ ಹೌದು. ಆದರೆ ಮಗಳ ಫೀಸಿಗಾಗಿ ಎರಡು ಪಾಳಿ ಆಟೋ ಓಡಿಸುವ ಅಪ್ಪ ಇಂಗ್ಲಿಷ್ ಪ್ರಬಂಧದಲ್ಲಿ ಖಳನಾಯಕನಾಗಬೇಕಾಗಿ ಬಂದರೆ, ಅಂಥ ಪ್ರವೇಶಪತ್ರಕ್ಕೆ ನಾವು ಹೆಚ್ಚು ಬೆಲೆ ತೆತ್ತಂತಾಯಿತು.

ನಮ್ಮ ಧಾರ್ಮಿಕ ಪರಂಪರೆಯಲ್ಲಿ ಇದಕ್ಕೊಂದು ಹೆಸರಿದೆ, ರಿಯಾ. ಜನ ನೋಡಲೆಂದು ಮಾಡುವ ಸತ್ಕಾರ್ಯ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವವನನ್ನು ಪ್ರವಾದಿವರ್ಯರು ಹೊಗಳಿದ್ದಾರೆ. ಈ ಅರ್ಜಿಯಲ್ಲಾದರೋ ಎಡಗೈಗೆ ತಿಳಿಸಲಿಕ್ಕೆಂದೇ ಹತ್ತು ಚಟುವಟಿಕೆಗಳ ಪಟ್ಟಿ ಇದೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬ ಲೆಕ್ಕವೂ ಬೇಕು. ಹಾಗೆಂದು ತನ್ನ ಬಗ್ಗೆ ಬರೆಯುವುದೇ ರಿಯಾ ಎನ್ನಲಾಗದು. ಇಮಾಮ್ ಗಝ್ಝಾಲಿಯವರು 1095ರಲ್ಲಿ ಬಗ್ದಾದಿನ ನಿಝಾಮಿಯ್ಯಾದ ಪೀಠ ಬಿಟ್ಟು ಹೊರಟವರು. ಅವರ ‘ಅಲ್ ಮುನ್‌ಕಿಝ್’ ಒಬ್ಬ ವಿದ್ವಾಂಸ ತನ್ನ ಬಗ್ಗೆ ಬರೆದ ಅಪೂರ್ವ ಗ್ರಂಥ. ತಾನು ಪಾಠ ಹೇಳುತ್ತಿದ್ದುದರ ಹಿಂದೆ ಕೀರ್ತಿಯ ಆಸೆ ಇತ್ತೆಂದು ಅವರು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಒಂದು ದಿನ ತರಗತಿಯಲ್ಲಿ ನಾಲಿಗೆಯೇ ಹೊರಳದೆ ಹೋದದ್ದನ್ನೂ ಹೇಳುತ್ತಾರೆ. ಯಾವ ನಂಬಿಕೆಯನ್ನು ಪ್ರಶ್ನಿಸಿದೆ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಸಿಗುವುದು ಕಷ್ಟ. ಸಲಹೆಗಾರರ ಕೈಗೆ ಕೊಟ್ಟರೆ ಅವರು ಮೊದಲು ತೆಗೆದುಹಾಕುವುದು ಆ ಕೀರ್ತಿಯ ಮಾತನ್ನೇ.

ಊರನ್ನು ಬರೆಯುವುದು ಹೇಗೆ ಎಂಬುದಕ್ಕೆ ತಿ. ನರಸೀಪುರ ತಾಲೂಕಿನಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಆ ತಾಲೂಕಿನ ಕೊಡಗಹಳ್ಳಿಯಲ್ಲಿ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಲವು ತಿಂಗಳು ಇದ್ದು ಕ್ಷೇತ್ರಕಾರ್ಯ ಮಾಡಿದರು, ಊರಿಗೆ ‘ರಾಂಪುರ’ ಎಂಬ ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿದ್ದಾಗ ಯಾರೋ ಬೆಂಕಿ ಹಚ್ಚಿ, ವರ್ಷಗಳಿಂದ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆ ಎಂದು ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಹೇಳಿದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟವಾಯಿತು.

ಆ ಪುಸ್ತಕದಲ್ಲಿ ಬಡತನವಿದೆ, ಜಾತಿಯ ಕ್ರೌರ್ಯವಿದೆ, ಆದರೆ ಕನಿಕರಕ್ಕೆ ಕೈಯೊಡ್ಡುವ ಒಬ್ಬ ಪಾತ್ರವೂ ಇಲ್ಲ. ಬಿಗುವಿನ ಪಟೇಲರಿದ್ದಾರೆ, ಎಲ್ಲರ ಕೆಲಸದಲ್ಲೂ ತಲೆ ಹಾಕುವ ಚತುರ ಕುಳ್ಳೇಗೌಡರಿದ್ದಾರೆ, ಊರಿನ ಮುಸ್ಲಿಮರೂ ಇದ್ದಾರೆ. ಅವರು ‘ಸಮಸ್ಯೆ’ಯಾಗಿ ಬರುವುದಿಲ್ಲ, ವ್ಯವಹಾರಸ್ಥರಾಗಿ, ನೆರೆಯವರಾಗಿ ಬರುತ್ತಾರೆ. ಅಮೆರಿಕದ ಓದುಗನಿಗಾಗಿ ಊರನ್ನು ತೆಳ್ಳಗೆ ಮಾಡಿಲ್ಲ. ಇದರ ದೋಷವೂ ಗಣ್ಯವಾದದ್ದೇ. ಮೇಲ್ಜಾತಿಯ ಭೂಮಾಲೀಕರ ನಡುವೆ ಇದ್ದು ಬರೆದದ್ದರಿಂದ ಹೊಲಗೇರಿಯಿಂದ ಊರು ಹೇಗೆ ಕಾಣುತ್ತದೆಂಬುದು ಇಲ್ಲಿ ಸಿಗದು. ಈ ಮಿತಿಯನ್ನು ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ. ಆ ನೋಟ ಬೇಕಾದವರು ಪಕ್ಕದ ನಂಜನಗೂಡು ತಾಲೂಕಿನ ದೇವನೂರಿಗೆ, ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಹೋಗಬೇಕು. 1984ರಲ್ಲಿ ಅದು ಬಂದಾಗ ಈ ಆಡುನುಡಿ ಬೇರೆ ಜಿಲ್ಲೆಯ ಕನ್ನಡಿಗರಿಗೇ ಅರ್ಥವಾಗದು ಎಂಬ ದೂರಿತ್ತು. ಲೇಖಕರು ನುಡಿಯನ್ನು ತಿಳಿಮಾಡಲು ಹೋಗಲಿಲ್ಲ. 1990ರಲ್ಲಿ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಸಂದಿತು. ಅದರ ಅನುವಾದಕಿ ದೀಪಾ ಭಾಸ್ತಿಯವರು ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ತೋರಿಸಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಹೊರಗಿನವರು ಬೇಕಾದರೆ ಹತ್ತಿರ ಬಂದು ಕೇಳಿಸಿಕೊಳ್ಳಲಿ ಎಂಬ ನಿಲುವು ಅದು. ಹದಿನೇಳರ ಹುಡುಗಿಯಿಂದ ‘ಕುಸುಮಬಾಲೆ’ಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಕಪಿಲಾ ನದಿಗೆ ನೆರೆ ಬಂದ ವರ್ಷ ಅಮ್ಮಿ ಅಕ್ಕಿ ಡಬ್ಬವನ್ನು ಎಲ್ಲಿಟ್ಟರು, ಎಂಬಷ್ಟನ್ನು ಅವಳು ನೇರವಾಗಿ ಬರೆಯಬಲ್ಲಳು. ಅದನ್ನು ಓದಿದವರು ಅವಳನ್ನು ಮರೆಯಲಾರರು. ಅಚ್ಚಿನಲ್ಲಿ ಎರಕ ಹೊಯ್ದದ್ದನ್ನು ಮಾತ್ರ ಅವರು ಬೆಳಗಿನಿಂದ ಐವತ್ತು ಓದಿರುತ್ತಾರೆ.

ಪ್ರಬಂಧ ಎಷ್ಟೇ ಚೆನ್ನಾಗಿರಲಿ, ಅದರ ಪಕ್ಕದಲ್ಲೇ ಮನೆಯ ಆದಾಯದ ಕಾಗದ ಇರುತ್ತದೆ. ಈ ಕಾಲೇಜುಗಳ ವಾರ್ಷಿಕ ವೆಚ್ಚ 80 ಸಾವಿರ ಡಾಲರ್ ದಾಟುತ್ತದೆ. ಹೆಚ್ಚಿನವು ವಿದೇಶಿ ಅಭ್ಯರ್ಥಿ ಸಹಾಯ ಕೇಳಿದರೆ ಅದನ್ನೂ ತೂಗಿ ನೋಡಿಯೇ ಪ್ರವೇಶ ನಿರ್ಧರಿಸುತ್ತವೆ. ಹಣ ಕೇಳಿದ್ದನ್ನು ಲೆಕ್ಕಿಸದೆ ಆರಿಸಿ, ಆಮೇಲೆ ಕೊರತೆಯನ್ನೆಲ್ಲ ತುಂಬಿಕೊಡುವವು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, 2022ರಿಂದ ಡಾರ್ಟ್‌ಮತ್ ಮತ್ತು ಬೌಡನ್, ಹೀಗೆ ಬೆರಳೆಣಿಕೆಯಷ್ಟು. ಅಲ್ಲಿನ ಬಾಗಿಲು ಎಷ್ಟು ಕಿರಿದೆಂದರೆ 2024ರಲ್ಲಿ ಹಾರ್ವರ್ಡ್ 54 ಸಾವಿರ ಅರ್ಜಿಗಳಲ್ಲಿ ಎರಡು ಸಾವಿರವನ್ನೂ ಆರಿಸಲಿಲ್ಲ. ಬಡ್ಡಿಯಿಂದ ದೂರವಿರುವ ಕುಟುಂಬಗಳು ಇನ್ನೊಂದನ್ನು ಗಮನಿಸಬೇಕು. ಪ್ರಿನ್ಸ್‌ಟನ್ 2001ರಿಂದಲೇ ಸಾಲದ ಬದಲು ಹಿಂದಿರುಗಿಸಬೇಕಿಲ್ಲದ ಅನುದಾನ ಕೊಡುತ್ತಿದೆ. ಹೆಸರು ಕೇಳಿ ಅರ್ಜಿ ಹಾಕುವ ಮುನ್ನ ಆ ಕಾಲೇಜು ಕೊಡುವುದು ಅನುದಾನವೋ ಸಾಲವೋ ಎಂದು ವಿಚಾರಿಸುವುದು ಲೇಸು. ನಮ್ಮ ಕೇಂದ್ರ ಸರ್ಕಾರವಾದರೋ ಅಲ್ಪಸಂಖ್ಯಾತರ ವಿದೇಶ ವ್ಯಾಸಂಗದ ಸಾಲದ ಬಡ್ಡಿ ಭರಿಸುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನೇ 2022-23ರಲ್ಲಿ ನಿಲ್ಲಿಸಿತು.

ಹೆಸರಿನ ತೊಡಕು ಬೇರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾ ಅದನ್ನು ಮನೆತನದ ಹೆಸರೆಂದು ಹಿಡಿದು, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಹೆಸರು ತಿಳಿಯದು, ಎಂದು ಬರೆಯುತ್ತದೆ. 650 ಪದಗಳಲ್ಲಿ ತಾನು ಯಾರೆಂದು ವಿವರಿಸಿದವಳ ಗತಿ ಇದು! 2025ರ ಜೂನ್‌ನಲ್ಲಿ ವಿದ್ಯಾರ್ಥಿ ವೀಸಾ ಕೇಳುವವರು ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ತೆರೆದಿಡಬೇಕೆಂದು ಅಮೆರಿಕ ಸೂಚಿಸಿತು. ಅಲ್ಲಿಗೆ ನಮ್ಮ ಮಕ್ಕಳು ಗಾಝಾದ ಬಗ್ಗೆ ಬರೆದ ಎರಡು ಸಾಲು ಕೂಡ ಅರ್ಜಿಯ ಭಾಗವೇ ಆಯಿತು. ಪ್ರಬಂಧದಲ್ಲಿ ‘ನಿನ್ನ ದನಿಯಲ್ಲಿ ಮಾತಾಡು’ ಎನ್ನುವ ದೇಶ ಬಾಗಿಲಲ್ಲಿ ಆ ದನಿಯನ್ನು ತಪಾಸಣೆ ಮಾಡುತ್ತಿರುವುದನ್ನು ಹುಡುಗರು ತಿಳಿದೇ ಹೊರಡಬೇಕು.

ಇಷ್ಟರಲ್ಲಿ ನಮ್ಮ ಕೈಯಲ್ಲೇ ಇರುವುದು ಅಧ್ಯಾಪಕರ ಪತ್ರ. ಅರ್ಜಿಯ ಜೊತೆ ಸಾಮಾನ್ಯವಾಗಿ ಪ್ರಾಂಶುಪಾಲರ ವರದಿ, ಒಬ್ಬಿಬ್ಬರು ಅಧ್ಯಾಪಕರ ಪತ್ರ, ಒಂಬತ್ತನೇ ತರಗತಿಯಿಂದ ಪಿಯುವರೆಗಿನ ಅಂಕಗಳು ಹೋಗಬೇಕು. ನಮ್ಮಲ್ಲಿ ಹೈಸ್ಕೂಲು ಬೇರೆ, ಪಿಯು ಕಾಲೇಜು ಬೇರೆ. ಒಂದು ಕಡೆಯ ದಾಖಲೆ ಇನ್ನೊಂದು ಕಡೆ ಇರುವುದಿಲ್ಲ. ಇನ್ನು ಪತ್ರವೆಂದರೆ ನಮಗೆ ಗೊತ್ತಿರುವುದು ನಡತೆ ಪ್ರಮಾಣಪತ್ರ ಒಂದೇ: ‘ನನಗೆ ತಿಳಿದಂತೆ ಇವರ ನಡತೆ ತೃಪ್ತಿಕರ.’ ಸಾವಿರಾರು ಮಕ್ಕಳಿಗೆ ಸೀಲು ಒತ್ತಿ ಕೊಟ್ಟ ಆ ಸಾಲು ಅಮೆರಿಕದಲ್ಲಿ ಓದುವವರಿಗೆ ‘ಈ ಹುಡುಗಿ ನನಗೆ ಗೊತ್ತಿಲ್ಲ’ ಎಂದು ಕೇಳಿಸುತ್ತದೆ. ಭೌತಶಾಸ್ತ್ರದ ಉಪನ್ಯಾಸಕರು ಅವಳು ಪ್ರಯೋಗಾಲಯದಲ್ಲಿ ಕೆಟ್ಟ ಮೀಟರನ್ನು ಬಿಚ್ಚಿ ನೋಡಲು ಅನುಮತಿ ಕೇಳಿದ್ದನ್ನು, ಎರಡನೇ ಸಲವೂ ಕೇಳಿದ್ದನ್ನು ಬರೆದರೆ ಸಾಕು. ಮಾಮೂಲಿ ಅರ್ಜಿಗಳ ಗಡುವು ಬಹುಪಾಲು ಜನವರಿಯ ಮೊದಲ ದಿನಗಳಲ್ಲಿ. ಆಗ ನಮ್ಮ ಕಾಲೇಜುಗಳಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ. ಆದ್ದರಿಂದ ಮೇಷ್ಟರನ್ನು ಆಗಸ್ಟಿನಲ್ಲೇ ಕಂಡು, ಇದು ಸೀಲು ಒತ್ತುವ ಕಾಗದವಲ್ಲ ಸಾರ್, ನೀವು ಕೂತು ಬರೆಯಬೇಕಾದದ್ದು ಎಂದು ತಿಳಿಸಿ ಹೇಳಬೇಕು.