ಒಂದೇ ಕಸುಬು, ಬೇರೆ ಬೇರೆ ವಂಶ: ಪ್ರಾಣಿರೂಪದ ರಸಿಕರಿಗೊಂದು ಕೈಪಿಡಿ

ಹೊಸೂರಿನಿಂದ ಡೆಂಕಣಿಕೋಟೆ ದಾಟಿ ಅಂಚೆಟ್ಟಿ ಕಡೆಯ ಕಾಡಿಗೆ ಹೋಗುವವರ ಕಣ್ಣು ಆನೆಯನ್ನೇ ಹುಡುಕುತ್ತದೆ. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಘೋಷಣೆಯಾದ ಈ ಸೀಮೆಯಲ್ಲಿ ನೋಡಬೇಕಾದ ಇನ್ನೊಂದು ಸೊಗಸಿದೆ. ಹತ್ತಿರದ ರಕ್ತಸಂಬಂಧವಿಲ್ಲದ ಪ್ರಾಣಿಗಳು, ಸಮುದ್ರಗಳಾಚೆ ಬೇರೆ ಬೇರೆಯಾಗಿ ಬೆಳೆದು, ಒಂದೇ ರೂಪಕ್ಕೆ ಬಂದು ಸೇರುವುದು. ಜೀವವಿಜ್ಞಾನ ಇದನ್ನು ಒಮ್ಮುಖ ವಿಕಾಸ ಎನ್ನುತ್ತದೆ. ಇದನ್ನು ಸವಿಯಲು ಪ್ರಯೋಗಾಲಯ ಬೇಡ, ನೋಡುವ ಕ್ರಮ ಗೊತ್ತಿದ್ದರೆ ಸಾಕು.

ಮೊದಲು ಕಸುಬು ನೋಡಿ

ಚಿಪ್ಪುಹಂದಿಯಿಂದ ಶುರುಮಾಡಿ. ಅದು ಇರುಳಿನ ಪ್ರಾಣಿ, ಸುಲಭವಾಗಿ ಕಾಣುವುದಿಲ್ಲ. ಅಗೆದು ಬಿಟ್ಟ ಹುತ್ತವೇ ಅದರ ಗುರುತು. ಇರುವೆ, ಗೆದ್ದಲು ತಿನ್ನುವುದೇ ಅದರ ಬದುಕು, ಮೈಯೆಲ್ಲ ಆ ಕೆಲಸಕ್ಕೇ ರೂಪುಗೊಂಡಿದೆ. ಹುತ್ತ ಒಡೆಯಲು ಮುಂಗಾಲಿನಲ್ಲಿ ಉದ್ದನೆಯ ಬಾಗಿದ ಉಗುರು. ಬಾಯಲ್ಲಿ ಒಂದೂ ಹಲ್ಲಿಲ್ಲ. ಅಂಟಂಟಾದ ನಾಲಿಗೆ ಎಷ್ಟು ಉದ್ದವೆಂದರೆ, ಅದರ ಸ್ನಾಯುಗಳ ಬುಡ ಎದೆಮೂಳೆಯ ಕೊನೆಯವರೆಗೂ ಹೋಗುತ್ತದೆ. ಅಗಿಯುವ ಕೆಲಸ ಹೊಟ್ಟೆಯದು. ನುಂಗಿದ ಮರಳು, ಕಲ್ಲುಚೂರು ಅಲ್ಲಿ ಇರುವೆಗಳನ್ನು ಅರೆಯುತ್ತವೆ.

ಈಗ ದಕ್ಷಿಣ ಅಮೆರಿಕದ ದೈತ್ಯ ಇರುವೆಬಾಕವನ್ನು ನೋಡಿ. ಹಲ್ಲಿಲ್ಲ, ಉಗುರು ದೊಡ್ಡದು, ನಾಲಿಗೆ ಉದ್ದ. ಆಫ್ರಿಕದ ಆರ್ಡ್‌ವಾರ್ಕ್ ಹಾಗೂ ಆಸ್ಟ್ರೇಲಿಯಾದ ಎಕಿಡ್ನಾಗಳದೂ ನೀಳ ಮೂತಿ, ಅಂಟುನಾಲಿಗೆ, ಅಗೆಯುವ ಉಗುರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರುಗಳು ಅಳಿದ ಮೇಲೆ ಇರುವೆ, ಗೆದ್ದಲುಗಳ ಸಂಖ್ಯೆ ಏರುತ್ತ ಬಂತು. ಅಲ್ಲಿಂದ ಈಚೆಗೆ ಸಸ್ತನಿಗಳು ಕನಿಷ್ಠ 12 ಬಾರಿ, ಒಂದಕ್ಕೊಂದು ಸಂಬಂಧವಿಲ್ಲದಂತೆ, ಈ ಆಹಾರಕ್ಕೆ ಒಗ್ಗಿಕೊಂಡಿವೆ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ.

ಆಮೇಲೆ ಹೋಲಿಕೆ ಮುರಿಯುವ ಜಾಗ ಹುಡುಕಿ

ಹೊಸಬರು ಹೋಲಿಕೆಗೆ ಬೆರಗಾಗಿ ಅಲ್ಲೇ ನಿಂತುಬಿಡುತ್ತಾರೆ. ನಿಜವಾದ ರಸ ಮುಂದಿನ ಹೆಜ್ಜೆಯಲ್ಲಿದೆ. ಚಿಪ್ಪುಹಂದಿಯ ಮೈಮೇಲೆ ಚಿಪ್ಪು, ಇರುವೆಬಾಕದ ಮೈಮೇಲೆ ಒರಟು ಕೂದಲು, ಎಕಿಡ್ನಾದ ಮೇಲೆ ಮುಳ್ಳು. ಆರ್ಡ್‌ವಾರ್ಕಿಗೆ ದವಡೆ ಹಲ್ಲುಗಳು ಉಳಿದಿವೆ, ಆದರೆ ಅವುಗಳ ಮೇಲೆ ಎನಾಮಲ್ ಇಲ್ಲ. ಎಕಿಡ್ನಾ ಮೊಟ್ಟೆ ಇಡುತ್ತದೆ. ಹೋಲಿಕೆ ಕಸುಬು ಕೊಟ್ಟದ್ದು, ವ್ಯತ್ಯಾಸ ವಂಶ ಕೊಟ್ಟದ್ದು. ಎರಡನ್ನೂ ಒಟ್ಟಿಗೆ ಕಾಣುವುದೇ ರಸಿಕತೆ.

ನೆಂಟಸ್ತಿಕೆ ವಿಚಾರಿಸಿ

ಚಿಪ್ಪುಹಂದಿಯ ಹತ್ತಿರದ ಬಂಧುಗಳು ಬೆಕ್ಕು, ನಾಯಿ, ಕರಡಿಗಳ ಬಳಗ. ಅಂದರೆ ಇದೇ ಕಾಡಿನ ಚಿರತೆ ಅದಕ್ಕೆ ಇರುವೆಬಾಕಕ್ಕಿಂತ ಹತ್ತಿರದ ನೆಂಟ. ಇರುವೆಬಾಕದ ಬಂಧು ಮರಗಳಲ್ಲಿ ನಿಧಾನಕ್ಕೆ ಓಡಾಡುವ ಸ್ಲಾತ್. ಆರ್ಡ್‌ವಾರ್ಕ್ ಆನೆಯ ಬಳಗಕ್ಕೆ ಸೇರಿದ್ದು. ರಾಗಿ ಕಾಲದಲ್ಲಿ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿಗೆ ಇಳಿದು ಬರುವ ಆನೆಗೂ ಆಫ್ರಿಕದಲ್ಲಿ ಹುತ್ತ ಅಗೆಯುವ ಆರ್ಡ್‌ವಾರ್ಕಿಗೂ ಇರುವ ನಂಟು, ಆ ಆರ್ಡ್‌ವಾರ್ಕಿಗೂ ನಮ್ಮ ಚಿಪ್ಪುಹಂದಿಗೂ ಇರುವ ನಂಟಿಗಿಂತ ಹತ್ತಿರದ್ದು. ಇದನ್ನು ಮನಸ್ಸಿಗೆ ತಂದುಕೊಂಡವರಿಗೆ ಕಾಡು ಮೊದಲಿನಂತೆ ಕಾಣುವುದಿಲ್ಲ.

ಹಗಲಲ್ಲಿ ಅಭ್ಯಾಸ ಮಾಡಿ

ಕಣ್ಣು ಪಳಗಿಸಲು ಹಗಲಿನ ಜೋಡಿಯೊಂದಿದೆ: ಮನೆಯಂಗಳದ ಅಳಿಲು ಮತ್ತು ದಕ್ಷಿಣದ ಒಣಕಾಡುಗಳ ಮರಮೂಗಿಲಿ. ಅದೇ ಪೊದೆಬಾಲ, ಅದೇ ಚುರುಕು ನಡೆ. ಬೆನ್ನು ನೋಡಿ, ಮೂರು ಪಟ್ಟೆಯಿದ್ದರೆ ಅಳಿಲು. ಪಟ್ಟೆಯಿಲ್ಲದೆ ಹೆಗಲ ಮೇಲೆ ಮಾತ್ರ ಮಸುಕಾದ ಗೆರೆಯಿದ್ದು, ಮೂತಿ ಚೂಪಾಗಿದ್ದು, ಉದ್ದ ಮೀಸೆ ಕಾಣದಿದ್ದರೆ ಮರಮೂಗಿಲಿ. ಅಳಿಲು ಸದಾ ಬೆಳೆಯುವ ಬಾಚಿಹಲ್ಲಿನ ದಂಶಕ, ಮರಮೂಗಿಲಿ ಹೆಚ್ಚಾಗಿ ಹುಳುಹುಪ್ಪಟೆ ಹೆಕ್ಕುವ ಬೇರೆಯೇ ಗಣದ್ದು. ಅದರ ವೈಜ್ಞಾನಿಕ ಹೆಸರು ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್‌ನ ಗೌರವಾರ್ಥ ಇಟ್ಟದ್ದು.

ರಸಿಕರ ಹೊಣೆ

ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರಿನಂತೆ ಬರೀ ಕೆರಾಟಿನ್. ಅದರಲ್ಲಿ ಯಾವ ಮದ್ದೂ ಇಲ್ಲ. ಆದರೂ ಆ ಚಿಪ್ಪಿಗಾಗಿಯೇ ಅದನ್ನು ಕೊಲ್ಲುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿ ಅದಕ್ಕೆ ರಕ್ಷಣೆ ಕೊಟ್ಟಿದೆ. ಅದು ಅಳಿದರೆ ಇರುವೆಬಾಕವನ್ನೋ ಎಕಿಡ್ನಾವನ್ನೋ ತಂದು ಆ ಜಾಗ ತುಂಬಲಾಗದು. ಒಂದೇ ಕಸುಬಿನವಾದರೂ ಅವು ಬೇರೆ ನೆಲದಲ್ಲಿ, ಬೇರೆ ವಂಶದಲ್ಲಿ ಹುಟ್ಟಿದವು. ಬಿಲ ಕಂಡರೆ ಕೆದಕಬೇಡಿ, ಜಾಗ ಯಾರಿಗೂ ಹೇಳಬೇಡಿ. ಯಾರಾದರೂ ಹಿಡಿದಿಟ್ಟದ್ದು ಗೊತ್ತಾದರೆ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ.